ಬಲಗಡೆಯ ಸೀಟು

ನವೆಂಬರ್ ೧೪, ಗುರುವಾರ

ವಿಮೆಯವನ ಮೇಲಿನ ಸಿಟ್ಟು ಊಟವಾದರೂ ಇಳಿದಿಲ್ಲ. ನಮ್ಮ ಎರಡು ಎಂಜಿನ್‌ನ ಪುಟ್ಟ ವಿಮಾನಕ್ಕೆ ಈ ವರ್ಷ ವಿಮೆ ಬೇಕೆಂದರೆ ಬಲಗಡೆಯ ಸೀಟಿನಲ್ಲಿ ಇನ್ನೊಬ್ಬ ಪೈಲಟ್ ಕುಳಿತಿರಬೇಕಂತೆ. ವಿಮೆಯಿಲ್ಲದೆ ಹಾರುವಂತಿಲ್ಲ. ಮೂವತ್ತು ವರ್ಷ ಹಾರಿಸಿದವನಿಗೆ ಕಾವಲುಗಾರ! ಮೊಮ್ಮಕ್ಕಳಾದ ಮೇಲೆ ಹೆಂಡತಿಯ ಜೊತೆ ಮಾತಾಡಲು ದಲ್ಲಾಳಿ ಇಟ್ಟ ಹಾಗೆ.

"ಯಾಕಪ್ಪಾ, ನಂಗೆ ಕಣ್ಣು ಕಾಣ್ಸಲ್ವಾ, ಕೈ ನಡುಗುತ್ತಾ?" ಎಂದು ಫೋನಿನಲ್ಲೇ ಹರಿಹಾಯ್ದೆ.

"ಅದಲ್ಲ ಸರ್, ಹೋದ ತಿಂಗಳು ಇಳಿಯೋವಾಗ ಚಕ್ರ ಕೆಳಗೆ ಬಿಡೋದನ್ನೇ ಮರೆತಿದ್ರಂತಲ್ಲ. ನೀವಿಲ್ಲದಾಗ ಫೋನ್ ಮಾಡಿದ್ದೆ, ಮೇಡಂ ಹೇಳಿದ್ರು."

ಮರೆತಿರಲಿಲ್ಲ. ಬಿಡುವವನೇ ಇದ್ದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಇವಳು "ರೀ, ಚಕ್ರ!" ಎಂದು ಕಿರುಚಿದಳು, ಅಷ್ಟೇ.

ಫೋನ್ ಇಟ್ಟವನೇ ಅಡುಗೆಮನೆಗೆ ನುಗ್ಗಿದೆ. "ಮನೆ ಮಾತನ್ನ ಊರಿಗೆಲ್ಲ ಡಂಗುರ ಹೊಡೀತೀಯಲ್ಲ! ಬಾಯ್ತಪ್ಪಿ ಬಂತಾ?"

ಅವಳು ಪಾತ್ರೆ ಒರೆಸುವುದನ್ನು ನಿಲ್ಲಿಸಲಿಲ್ಲ. "ತಪ್ಪಿ ಅಲ್ಲ ರೀ. ಅವನು ಕೇಳ್ದ, ಬೇಕಂತ್ಲೇ ಹೇಳ್ದೆ. ಅವತ್ತು ನಾನಿದ್ದೆ. ನೀವೊಬ್ರೇ ಹೋದ ದಿನ ಯಾರು ಕಿರುಚ್ತಾರೆ?"

"ಹಾಗಾದ್ರೆ ನಿನ್ನ ಸೀಟೂ ಹೋಯ್ತು. ಹಿಂದೆ ಮೂಟೆ ಜೊತೆ ಕೂತ್ಕೋ."

"ಕೂತ್ಕೋತೀನಿ" ಎಂದಳು. ಅವಳಿಗೆ ಕಿಟಕಿಯಾಚೆ ನೋಡಲೂ ಭಯ. ಇಷ್ಟು ವರ್ಷ ಆ ಸೀಟಿನಲ್ಲಿ ನನ್ನ ಕೈಗಳನ್ನೇ ನೋಡುತ್ತ ಕುಳಿತವಳು.

ನಾಳೆ ವಿಮೆಯವನಿಗೆ ಒಪ್ಪಿಗೆ ಎಂದು ಹೇಳಬೇಕು. ಹಲ್ಲು ಕಚ್ಚಿಕೊಂಡಾದರೂ ಹೇಳುತ್ತೇನೆ. ಆದರೆ ಬರುವ ಆ ಪೈಲಟ್ ನನ್ನ ಕೈ ನೋಡುತ್ತಾನೋ, ಇಲ್ಲ ಆರಾಮಾಗಿ ಕಿಟಕಿಯಾಚೆ ಮೋಡ ನೋಡುತ್ತ ಕೂರುತ್ತಾನೋ.