ಕತ್ತರಿ ಕಾಣದ ತುದಿ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 5.10

ಮತ್ತೆ ಎರಡು ಕೂದಲು ಬಂದಿವೆ. ಗಲ್ಲದ ಎಡಗಡೆ, ಅದೇ ಜಾಗ. ಬಾತ್‌ರೂಮ್ ಚಿಲಕ ಹಾಕಿ, ಕನ್ನಡಿ ಹಿಂದಿನ ಚಿಮಟ ತೆಗೆದು ಕಿತ್ತೆ. ಹನ್ನೊಂದು ವರ್ಷವಾಯಿತು, ಇವರಿಗೂ ಗೊತ್ತಿಲ್ಲ. ಸೊಂಟ ದಾಟಿದ ಜಡೆಗೆ ಹುಟ್ಟಿದಾಗಿನಿಂದ ಕತ್ತರಿ ಸೋಕಿಸಿಲ್ಲ. ಈ ಎರಡನ್ನು ಗುರುಗಳು ಹೊಟ್ಟೆಗೆ ಹಾಕಿಕೊಳ್ಳುತ್ತಾರೆ ಅಂತ... ಅಂದುಕೊಂಡಿದ್ದೇನೆ.

ಆಮೇಲೆ ಮಗಳು ಪುಟ್ಟಿಯ ರಗಳೆ. ಕಾಲೇಜಿನಲ್ಲಿ ಯಾರೋ "ಮೀಸೆ ಮೇಡಂ" ಅಂದರಂತೆ. ಮೇಲ್ತುಟಿಗೆ ಥ್ರೆಡಿಂಗ್ ಮಾಡಿಸುತ್ತೇನೆ, ಒಂದೇ ಒಂದು ಸಲ, ಅಂತ ಗೋಗರೆದಳು.

"ಸಿಖ್ಖರ ಮನೆ ಹುಡುಗಿ ಕಣೇ ನೀನು. ಕೇಶ ಗುರುಗಳು ಕೊಟ್ಟಿದ್ದು. ತಲೇದಾದ್ರೂ ಅಷ್ಟೇ, ತುಟೀದಾದ್ರೂ ಅಷ್ಟೇ."

ಇಪ್ಪತ್ತು ನಿಮಿಷ ಕೊರೆದೆ. ಗಲ್ಲ ಇನ್ನೂ ಚುರುಗುಟ್ಟುತ್ತಿತ್ತು.

ಮಾರ್ಚ್ 5, ಬುಧವಾರ

ನಂಬಲಾಗುತ್ತಿಲ್ಲ! ಪುಟ್ಟಿ ಪೇಟ ಕಟ್ಟಿಕೊಂಡು ತಿಂಡಿಗೆ ಬಂದಳು. ನೀಲಿ ಪೇಟ, ಒಂದು ಕಡೆ ಸ್ವಲ್ಪ ವಾಲಿದೆ. ಅದಕ್ಕೂ ಮುಂಚೆ ರೂಮಿನಿಂದ ಪ್ರಾರ್ಥನೆ ಬೇರೆ ಜೋರಾಗಿ ಕೇಳಿಸುತ್ತಿತ್ತು. ನಮ್ಮಲ್ಲಿ ಪೇಟ ಕಟ್ಟುವ ಹೆಂಗಸರು ಬೆರಳೆಣಿಕೆ, ನಾನೇ ಕಟ್ಟಿದವಳಲ್ಲ. ಇವರಂತೂ ಹಿಗ್ಗಿ ಹೀರೇಕಾಯಿ. ನನ್ನ ಲೆಕ್ಚರ್‌ಗೆ ಇಷ್ಟೊಂದು ಶಕ್ತಿಯೇ?

ಇನ್ನು ತಾನೇ ತಲೆ ಬಾಚಿಕೊಳ್ಳುತ್ತಾಳಂತೆ, ರೂಮಿನ ಬಾಗಿಲು ಹಾಕಿಕೊಂಡು. ಸರಿ, ದೊಡ್ಡವಳಾದಳು.

ಮಾರ್ಚ್ 12, ಬುಧವಾರ

ವಿಗ್ ಮಾಡುವ ವರ್ಕ್‌ಶಾಪ್‌ನಲ್ಲಿ ಸಿಖ್ ಹೆಂಗಸಿಗೇನು ಕೆಲಸ ಅಂತ ಹೊಸಬರು ಇವತ್ತೂ ಕೇಳಿದರು. ಕತ್ತರಿ ಮುಟ್ಟುವುದಿಲ್ಲ ಅಂತ ಸೇರುವಾಗಲೇ ಹೇಳಿದ್ದೆ. ನನ್ನದು ವಿಂಗಡಿಸುವುದು. ಎಳೆಯನ್ನು ಎರಡು ಬೆರಳ ನಡುವೆ ಉಜ್ಜಿದರೆ ಬುಡದ ಕಡೆಗೇ ಸರಿಯುತ್ತದೆ. ಬುಡ ಯಾವುದು, ತುದಿ ಯಾವುದು, ಕಣ್ಣು ಮುಚ್ಚಿ ಹೇಳುತ್ತೇನೆ.

ತೊಳೆದು ಬಂದ ಕಟ್ಟುಗಳಲ್ಲಿ ಇವತ್ತು ಒಂದು ಉದ್ದ ಜಡೆ. ತುದಿ ಸಪೂರವಾಗುತ್ತಾ ಆಗುತ್ತಾ ಇಲ್ಲವೇ ಆಗಿಬಿಡುತ್ತದೆ. ಒಮ್ಮೆಯೂ ಕತ್ತರಿ ಕಾಣದ ತುದಿ! ನನ್ನ ತಲೆಯಲ್ಲಿ ಬಿಟ್ಟರೆ ಈ ಟೇಬಲ್ ಮೇಲೆ ನೋಡಿಯೇ ಇರಲಿಲ್ಲ. ಎಲ್ಲರನ್ನೂ ಕರೆದು ತೋರಿಸಿ, ಮೊದಲ ದರ್ಜೆಯ ಟ್ರೇಗೆ ಹಾಕಿದೆ.

ಊಟಕ್ಕೆ ಕೂತಾಗ ಪುಟ್ಟಿಗೂ ಹೇಳಿದೆ. "ಎಂಥಾ ಜಡೆ ಅಂತೀಯ! ಅದನ್ನ ಬುಡಕ್ಕೇ ಕತ್ತರಿಸಿ ಕೊಟ್ಟಿದ್ದಾಳೆ. ಹೆತ್ತವಳೇನು ಕಣ್ಣು ಮುಚ್ಕೊಂಡಿದ್ಲಾ?"

ಅವಳು ಅರ್ಧ ತಟ್ಟೆ ಬಿಟ್ಟು ಎದ್ದಳು. ಪರೀಕ್ಷೆಯ ಟೆನ್ಷನ್ ಇರಬೇಕು.

ಜೂನ್ 22, ಭಾನುವಾರ

ಜುಲೈ ಆರಕ್ಕೆ ಗುರುದ್ವಾರದಲ್ಲಿ ಅಮೃತ ದೀಕ್ಷೆ. ಐವರು ಹಿರಿಯರ ಮುಂದೆ ನಿಂತು ಮಾತು ಕೊಡಬೇಕು. ಮೊದಲ ಮಾತೇ ಕೇಶದ್ದು, ಮುಟ್ಟುವುದಿಲ್ಲ ಅಂತ. ಪುಟ್ಟಿ ಹೆಸರು ಬರೆಸಿದಳು. ಅವಳ ಹಿಂದೆಯೇ ನಾನೂ. ಹೆಂಗಸರೆಲ್ಲ ಕೈ ಹಿಡಿದು, "ಎಂಥಾ ಮಗಳನ್ನ ಬೆಳೆಸಿದ್ದೀರಿ!" ಅಂದರು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಚಿಮಟ ಬಿಸಾಡಬೇಕು. ನಾಳೆ.

ಜುಲೈ 3, ಗುರುವಾರ. ಸಂಜೆ 4

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ರಜೆ ಅಂತ ಪುಟ್ಟಿಯ ಪೇಟದ ಬಟ್ಟೆ ಒಗೆಯಲು ಕೊಡವಿದೆ. ಒಂದು ಕೂದಲು ಬಿತ್ತು. ಅಭ್ಯಾಸ ಬಲ, ಬೆರಳು ತಾವೇ ಉಜ್ಜಿದವು. ಬುಡ ಸರಿಯಾಗಿದೆ. ತುದಿ ಮೊಂಡು. ತುಂಡಾಗಿರಬೇಕು ಅಂದುಕೊಂಡೆ. ಇನ್ನೊಂದು ಹುಡುಕಿದೆ. ಮತ್ತೊಂದು. ಮೂರೂ ಗೇಣುದ್ದ. ಮೂರೂ ಮೊಂಡು.

ಅದು ಕತ್ತರಿ. ಬೇರೇನೂ ಅಲ್ಲ.

ಹಾಗಾದರೆ ಮಾರ್ಚಿನ ಆ ಜಡೆ... ಹದಿನಾರು ವರ್ಷ ಅವಳ ತಲೆಗೆ ಎಣ್ಣೆ ಹಚ್ಚಿ ಹೆಣೆದ ಕೈ ಇದು. ಇದೇ ಕೈ ಅದನ್ನು ಟ್ರೇಗೆ ಹಾಕಿತು. ದೇವರೇ, ಗುರುತೇ ಹತ್ತಲಿಲ್ಲವಲ್ಲ!

ಅದೇ ದಿನ, 6.30

ಬಂದಳು. ಮೂರು ಕೂದಲನ್ನು ಟೇಬಲ್ ಮೇಲಿಟ್ಟೆ. ನೋಡಿದಳು. ಪೇಟ ಬಿಚ್ಚಿದಳು. ಕುತ್ತಿಗೆಯವರೆಗೂ ಇಲ್ಲ.

"ಯಾವಾಗ?"

"ಮಾರ್ಚ್ ನಾಲ್ಕು. ಕನ್ನಡಿ ಹಿಂದೆ ನಿನ್ನ ಚಿಮಟ ಸಿಕ್ತು. ಅದರಲ್ಲಿ ಇನ್ನೂ ಒಂದು ಕೂದಲಿತ್ತಮ್ಮಾ."

ಕುರ್ಚಿ ಹಿಡಿದುಕೊಂಡೆ.

"ಸಿಟ್ಟಲ್ಲಿ ಪಾರ್ಲರ್‌ಗೆ ಹೋದೆ. ಜಡೆ ನಿಮ್ಮ ವರ್ಕ್‌ಶಾಪ್‌ಗೇ ಹೋಗುತ್ತೆ ಅಂದ್ರು. ಹೋಗ್ಲಿ ಅಂದೆ. ನೀನು ಗುರುತು ಹಿಡೀತೀಯ, ಬಂದು ಕೆನ್ನೆಗೆ ಬಾರಿಸ್ತೀಯ, ಆಗ ಚಿಮಟ ಮುಂದಿಡೋಣ ಅಂತ ಕಾದೆ. ನೀನು ಬಂದು ಜಡೆ ಹೊಗಳಿದೆ."

"ಮತ್ತೆ ಈ ಪೇಟ? ಪ್ರಾರ್ಥನೆ?"

"ಮುಚ್ಕೊಳ್ಳೋಕೆ ಕಟ್ಟಿದ್ದು. ನಿಮಗೆ ಕೇಳಿಸ್ಲಿ ಅಂತ ಪ್ರಾರ್ಥನೆ ಜೋರಾಗಿ ಹೇಳ್ತಿದ್ದೆ. ಆಮೇಲಾಮೇಲೆ... ಮನೇಲಿ ಯಾರೂ ಇಲ್ದಿದ್ರೂ ಹೇಳ್ತಿದ್ದೆ. ಈಗ ಬಿಡೋಕಾಗಲ್ಲ. ಬೆಳೀತಾ ಇದೆ, ನೋಡು." ತಲೆ ಬಗ್ಗಿಸಿದಳು. ಮುಟ್ಟಲು ಧೈರ್ಯ ಬರಲಿಲ್ಲ.

"ಭಾನುವಾರ ಹಿರಿಯರ ಮುಂದೆ ಎಲ್ಲಾ ಹೇಳಿಬಿಡ್ತೀನಿ."

"ಬಾಯ್ಬಿಟ್ಟೀಯ, ಹುಷಾರ್! ನಮ್ಮ ಮಾನ ಏನಾಗ್ಬೇಕು?"

ಹಾಗಂದವಳು ನಾನೇ. ನನ್ನದೇ ಬಾಯಿ.

"ನಿಂದು ಹೇಳಲ್ಲಮ್ಮ," ಅಂದಳು. "ಅದು ನಿನಗೆ ಬಿಟ್ಟಿದ್ದು."

ಜುಲೈ 4, ಶುಕ್ರವಾರ

ಮಾರ್ಚಿನ ಆ ಟ್ರೇ ಎಲ್ಲಿ ಅಂತ ಸೂಪರ್‌ವೈಸರ್ ಹತ್ತಿರ ಕೇಳಿದೆ. "ಏಪ್ರಿಲ್‌ನಲ್ಲೇ ವಿಗ್ ಆಗಿ ಹೋಯ್ತಲ್ಲಮ್ಮಾ. ನೀವು ಹೊಗಳಿದ ಜಡೇನೇ ಮೊದಲು ಹೋಗಿದ್ದು."

ಜುಲೈ 6, ಭಾನುವಾರ. ಬೆಳಿಗ್ಗೆ 5.10

ಎರಡು ಬಂದಿವೆ. ಕೀಳಲಿಲ್ಲ. ಚಿಮಟ ಬಿಸಾಡಲೂ ಇಲ್ಲ, ಪರ್ಸಿಗೆ ಹಾಕಿಕೊಂಡೆ. ಯಾಕೋ ಗೊತ್ತಿಲ್ಲ.

9.40

ಗುರುದ್ವಾರದ ಬೆಂಚಿನ ಮೇಲೆ. ದೀಕ್ಷೆಗೆ ಮುಂಚೆ ಒಬ್ಬೊಬ್ಬರನ್ನೇ ಒಳಗೆ ಕರೆದು ವಿಚಾರಿಸುತ್ತಿದ್ದಾರೆ. ಪುಟ್ಟಿ ಒಳಗೆ ಹೋಗಿ ಹತ್ತು ನಿಮಿಷವಾಯಿತು.

ಬಂದಳು. ಕಣ್ಣು ಕೆಂಪು, ಮುಖ ಮಾತ್ರ ಹಗುರ. ಎಲ್ಲ ಹೇಳಿದಳಂತೆ. ಇವತ್ತಿನಿಂದ ಉಳಿಸಿಕೋ ಮಗಳೇ, ಅಂದರಂತೆ. ಅಷ್ಟೇ. ನನ್ನ ಗಲ್ಲದ ಕಡೆ ನೋಡಿದಳು.

ಹಿರಿಯರೊಬ್ಬರು ಬಾಗಿಲಿಗೇ ಬಂದು ಕೈಮುಗಿದರು. "ಇಷ್ಟು ನಿಜ ಹೇಳೋ ಮಗಳನ್ನ ಬೆಳೆಸಿದ ತಾಯಿ ನೀವು. ನಿಮ್ಮನ್ನ ಕೇಳೋದೇನಿದೆ? ಬನ್ನಿ."

ಕೇಳುವುದಿಲ್ಲವಂತೆ. ಕೇಳದಿದ್ದರೆ ನಾನಾಗಿಯೇ ಹೇಳಬೇಕು. ಪುಟ್ಟಿ ನನ್ನ ಪರ್ಸ್ ಹಿಡಿದು ನಿಂತಿದ್ದಾಳೆ. ಚಿಮಟ ಅದರಲ್ಲಿದೆ. ಪರ್ಸ್ ಇಲ್ಲಿ ಕೊಡೇ ಅಂದೆ, ಅವಳು ಕೊಟ್ಟಳು. ಚಿಮಟ ಮುಷ್ಟಿಯಲ್ಲಿ ಹಿಡಿದು ಒಳಗೆ ಹೊರಟಿದ್ದೇನೆ.