ಪಟ್ಟದ ರಾಜನಿಗೆ ತಾವರೆ ಬೇರಿನ ತೋಳು

ಸಮರ್‌ಸೆಟ್, ನ್ಯೂಜೆರ್ಸಿ
೩೦ ಸೆಪ್ಟೆಂಬರ್ ೨೦೨೫, ದುರ್ಗಾಷ್ಟಮಿ

ಸಿಟ್ಟು ಮಾಡಿಕೊಂಡು ಮಗಳ ಮನೆ ಸೇರಿರುವ ಯಜಮಾನರಿಗೆ ನಿಮ್ಮ ನಳಿನಾಕ್ಷಿಯ ನಮಸ್ಕಾರ.

ಮಂಡಿನೋವು ಹೇಗಿದೆ? ಬಿ.ಪಿ. ಮಾತ್ರೆ ತಪ್ಪಿಸುತ್ತಿಲ್ಲ ತಾನೆ? ಬೆಲ್‌ರೋಸ್‌ನಲ್ಲಿ ಬೀದಿಗಿಳಿದರೆ ಅಂಗಡಿ, ಅಂಗಡಿ ಹೊಕ್ಕರೆ ಬಿಸಿ ಜಿಲೇಬಿ. ಸಿಂಧು ಬೇಡ ಅನ್ನುವವಳಲ್ಲ, ನೀವು ಸಾಕು ಅನ್ನುವವರಲ್ಲ. ಫೋನ್ ಮಾಡಿದರೆ "ಹೂಂ, ಆಯ್ತು" ಅಂತ ಇಟ್ಟುಬಿಡುತ್ತೀರಿ, ಅದಕ್ಕೇ ಈ ಕಾಗದ. ನಾಳೆ ಹರ್ಷ ಆಫೀಸು ಮುಗಿಸಿ ಅತ್ತ ಡ್ರೈವ್ ಮಾಡಿಕೊಂಡು ಬಂದು ಕೈಗೇ ಕೊಡುತ್ತಾನೆ. ಮಗನ ಎದುರಿಗೇ ಓದಿ.

ಅಲ್ಲಾ ರೀ, ಪಟ್ಟದ ಗೊಂಬೆ ನನ್ನ ತವರಿನವರು ಮದುವೆಯಲ್ಲಿ ಕೊಟ್ಟದ್ದು. ರಾಜನ ತೋಳು ಮುರಿದದ್ದಕ್ಕೆ ನನಗೇ ಬಾರದ ಸಿಟ್ಟು ನಿಮಗೇಕೆ ಬಂತು? ಮೈಸೂರಿನಿಂದ ಮಡಿಲಲ್ಲಿಟ್ಟುಕೊಂಡು ತಂದವರು ನೀವು, ಒಪ್ಪಿದೆ. ಆದರೆ ಎಂಟು ವರ್ಷದ ವೇದ್‌ಗೆ "ನೀನು ನನ್ನ ಮೊಮ್ಮಗನೇ ಅಲ್ಲ" ಅನ್ನುವುದೇ? ಅವನು ಉತ್ತರ ಕೊಡುವುದು ಇಂಗ್ಲಿಷಿನಲ್ಲಾದರೂ ಕನ್ನಡ ಒಂದಕ್ಷರ ಬಿಡದೆ ಅರ್ಥವಾಗುತ್ತದೆ.

ಅವನು ರಾಜನನ್ನು ಆಟದ ಕಾರಿಗೆ ಕಟ್ಟಿ ಮೆಟ್ಟಿಲ ಮೇಲಿಂದ ಬಿಟ್ಟದ್ದೇಕೆ ಎಂದು ನೀವು ಕೇಳಲೇ ಇಲ್ಲ. ನಾನು ಕೇಳಿದೆ. ಅವನ ಚೀನೀ ಗೆಳೆಯ ಒಂದು ಪುಟ್ಟ ದೇವರ ಗೊಂಬೆ ಕೊಟ್ಟಿದ್ದಾನೆ, ನೇಝಾ ಅಂತ. ಎರಡು ಜುಟ್ಟು, ಕೆಂಪು ವಸ್ತ್ರ, ಕಾಲ ಕೆಳಗೆ ಬೆಂಕಿಯ ಚಕ್ರ. ಆ ಚಕ್ರದ ಮೇಲೆ ನಿಂತು ಆಕಾಶವೆಲ್ಲ ಸುತ್ತುತ್ತಾನಂತೆ. ನಮ್ಮ ರಾಜ ಪಾಪ ನಿಂತಲ್ಲೇ ನಿಂತಿರುತ್ತಾನಲ್ಲ, ಅವನಿಗೂ ಚಕ್ರ ಇರಲಿ ಅಂತ ಇವನ ಉಪಕಾರ! ಆ ನೇಝಾ ತುಂಟತನದಲ್ಲಿ ನಮ್ಮ ಕೃಷ್ಣನ ಪೈಕಿ. ಸ್ನಾನಕ್ಕಿಳಿದು ಸಮುದ್ರವನ್ನೇ ಕಲಕಿದನಂತೆ, ಕೇಳಲು ಬಂದ ಡ್ರ್ಯಾಗನ್ ರಾಜನ ಮಗನನ್ನೇ ಕೊಂದನಂತೆ. ಡ್ರ್ಯಾಗನ್‌ಗಳು ಅಪ್ಪ ಅಮ್ಮನ ಮೇಲೆ ಹರಿಹಾಯ್ದಾಗ, ನೀವು ಕೊಟ್ಟ ಮೈ ನಿಮಗೇ ಇರಲಿ ಅಂತ ದೇಹವನ್ನೇ ಹೆತ್ತವರಿಗೆ ಹಿಂತಿರುಗಿಸಿಬಿಟ್ಟನಂತೆ. ಆಮೇಲೆ ಗುರುಗಳು ತಾವರೆಯಿಂದ ಹೊಸ ಮೈ ಮಾಡಿ ಬದುಕಿಸಿದರಂತೆ. ಕೇಳುತ್ತಾ ನನಗೆ ಕಣ್ಣು ತುಂಬಿಬಂತು. ಅವನನ್ನೂ ಗೊಂಬೆಗಳ ಸಾಲಿನಲ್ಲಿ ಕೃಷ್ಣನ ಪಕ್ಕ ಕೂರಿಸಿದ್ದೇನೆ.

ನೀವು ಹೋದ ಮರುದಿನ ವೇದ್ ಅವರಮ್ಮನ ಜೊತೆ ಚೀನೀ ಅಂಗಡಿಗೆ ಹೋಗಿ ತಾವರೆ ಬೇರು ತಂದ. ಹುಳಿಗೆ ಅಂದುಕೊಂಡೆ ನಾನು! ಅದನ್ನು ಕತ್ತರಿಸಿ, ಟೇಪು ಸುತ್ತಿ, ರಾಜನಿಗೆ ತೋಳು ಮಾಡಿದ. ಈಗ ಅದು ಕಪ್ಪಾಗಿ ವಾಸನೆ ಹೊಡೆಯುತ್ತಿದೆ. ಪಕ್ಕದಲ್ಲಿ ನಿಂತ ರಾಣಿಯ ಮುಖ ನೋಡಬೇಕು ನೀವು. ತೆಗೆಯೋಣ ಕಂದಾ ಅಂದರೆ "ನಾಟ್ ಯೆಟ್ ಅಜ್ಜಿ, ತಾತ ಹ್ಯಾಸ್ ಟು ಸೀ ಇಟ್" ಅನ್ನುತ್ತಾನೆ. ನಾಳಿದ್ದು ವಿಜಯದಶಮಿ, ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಬೇಕಲ್ಲ. ನೀವು ಬಾರದೆ ಮುಟ್ಟಲು ಬಿಡುವುದಿಲ್ಲವಂತೆ.

ಸಿಂಧುವಿಗೂ ಅಳಿಯಂದಿರಿಗೂ ನನ್ನ ಆಶೀರ್ವಾದ ಹೇಳಿ. ನಿಮ್ಮ ಮೇಲೆ ಕೋಪ ಇದ್ದೇ ಇದೆ. ಆದರೂ ನೀವಿಲ್ಲದೆ ಮನೆ ಬಿಕೋ ಅನ್ನುತ್ತಿದೆ.

ನಿಮ್ಮ
ನಳಿನಾಕ್ಷಿ

ಇನ್ನೊಂದು ಮಾತು: ಹರ್ಷ ತರುವ ಚೀಲ ನಾನು ಕಳಿಸಿದ್ದಲ್ಲ, ವೇದ್ ಕಟ್ಟಿದ್ದು. ನೀವು ಅವನಿಗೆ ಕೊಟ್ಟದ್ದೆಲ್ಲ ಅದರಲ್ಲಿದೆ. ಚನ್ನಪಟ್ಟಣದ ಬುಗುರಿ, ಚೆಸ್ ಬೋರ್ಡು, ಮೈಗೆ ಚಿಕ್ಕದಾದ ಆ ಸ್ವೆಟರ್ ಕೂಡ. ನೇಝಾನ ಹಾಗೆ ವಾಪಸ್ ಕೊಡುತ್ತಿದ್ದಾನಂತೆ. ಈಗಷ್ಟೇ ಚೀಲಕ್ಕೆ ಗಂಟು ಹಾಕಿ ನನ್ನ ಪಕ್ಕ ಬಂದು ನಿಂತ. "ಅಜ್ಜಿ, ತಾತ ಗೇವ್ ಮಿ ಮೈ ನೇಮ್ ಟೂ. ಹೌ ಡು ಐ ಗಿವ್ ದಟ್ ಬ್ಯಾಕ್?" ಅಂದ. ತೊಟ್ಟಿಲ ಪಕ್ಕ ಕೂತು ಆ ಹೆಸರನ್ನು ಅವನ ಕಿವಿಯಲ್ಲಿ ಹೇಳಿದವರು ನೀವು. ಹರ್ಷನ ಕಾರಿನಲ್ಲೇ ಹೊರಟು ಬನ್ನಿ. ಬಂದು ಇನ್ನೊಂದು ಸಲ ಹೇಳಿ.