ತವರದ ಗುಂಡು

ಅಕ್ಟೋಬರ್ 3, ಶುಕ್ರವಾರ

ಗಾಳದ ಕೋಲಿನ ರೀಲಿನಿಂದ ಹಳೇ ದಾರವನ್ನೆಲ್ಲ ಬಿಚ್ಚಿ ಹೊಸದು ಸುತ್ತಿದೆ. ಮೂವತ್ತು ಪೌಂಡಿನ ಎಳೆತ ತಡೆಯುವ ಹೆಣೆದ ದಾರ. ಬಂಡೆಗೆ ಸಿಕ್ಕಿದರೂ ಹರಿಯಬಾರದು, ಸರೋವರದಲ್ಲಿ ನನ್ನದೇನೂ ಉಳಿಯಬಾರದು. ತುದಿಗೆ ತವರದ ಗುಂಡಿರುವ ಗಾಳ. ಸೀಸ ಮುಟ್ಟುವುದಿಲ್ಲ.

ಆಗಸ್ಟಿನಲ್ಲಿ ದಡದ ಮೇಲೆ ಸತ್ತು ಬಿದ್ದಿದ್ದ ಲೂನ್ ಎಂಬ ನೀರುಹಕ್ಕಿಯನ್ನು ಪ್ರಯೋಗಾಲಯಕ್ಕೆ ಕಳಿಸಿದ್ದು ನಾನೇ. ಹೊಟ್ಟೆಯಲ್ಲಿದ್ದದ್ದನ್ನು ಅವರು ಲಕೋಟೆಯಲ್ಲಿ ಹಾಕಿ ಕಳಿಸಿದರು. ಅರ್ಧ ಸವೆದ ಸೀಸದ ಗುಂಡು. ಕಲ್ಲುಹರಳೆಂದು ನುಂಗಿರಬೇಕು; ಅದರ ವಿಷಕ್ಕೇ ಸತ್ತಿದೆ. ತುದಿಯಲ್ಲಿ ಎರಡು ಸುತ್ತು ತಿರುವಿದ ಹಿತ್ತಾಳೆ ತಂತಿ. ಇಡೀ ಮಿನ್ನೆಸೋಟಾದಲ್ಲಿ ಹಾಗೆ ತಿರುವುವವನು ವೈನೋ ಅಜ್ಜ ಒಬ್ಬನೇ.

ಬೆಂಕಿಪೊಟ್ಟಣದಲ್ಲಿ ಹಾಕಿ ಕೋಟಿನ ಜೇಬಿನಲ್ಲಿಟ್ಟುಕೊಂಡಿದ್ದೇನೆ. ಅಜ್ಜನಿಗೆ ಹೇಳಿಲ್ಲ. "ಸತ್ಯ ಹೇಳಲು ಹಿಂಜರಿಯುವವರು ಸುಳ್ಳಿನ ಕಾವಲುಗಾರರು" — ಸೀಸ ಬೇಡವೆಂದು ನಾನು ಊರಲ್ಲಿ ಹಂಚುವ ಕರಪತ್ರದ ನಾಲ್ಕನೇ ಪುಟ. ಎರಡು ಸಲ ಅಡಿಗೆರೆ ಎಳೆದಿದ್ದೇನೆ. ಆದರೂ...

"ತವರ ಹಗುರ ಕಣೇ ಸಿರ್ಕಾ, ಹರಿವಿಗೆ ತೇಲಿಹೋಗುತ್ತೆ," ಅಂದ ಅಜ್ಜ. "ನೀರು ಹೆಪ್ಪುಗಟ್ಟೋದ್ರೊಳಗೆ ದಡದಿಂದ ಒಂದೇ ಒಂದು ವಾಲೈ ಮೀನು ಹಿಡಿ. ನನ್ನ ಸೀಸನೆಲ್ಲ ನಿನ್ನ ಕೈಗೇ ಕೊಡ್ತೀನಿ."

"ಹಿಡೀದಿದ್ರೆ?"

"ನಿನ್ನ ಕರಪತ್ರ ಎಲ್ಲಾ ಸೌನಾ ಒಲೆಗೆ!"

ಕೈ ಕುಲುಕಿದೆವು.

ಅಕ್ಟೋಬರ್ 11

ಎರಡು ಸರೋವರ ಸೇರುವ ಇಕ್ಕಟ್ಟಿನಲ್ಲಿ ಸಂಜೆಯೆಲ್ಲ ನಿಂತೆ. ಗುಂಡು ತಳ ಮುಟ್ಟುವುದೇ ಇಲ್ಲ. ಹರಿವು ದಾರವನ್ನು ಹಿಡಿದು ಬಿಲ್ಲಿನಂತೆ ಬಾಗಿಸುತ್ತದೆ. ದೊಡ್ಡ ಗುಂಡು ಕಟ್ಟಿದೆ — ಬಂಡೆಯ ಅಂಚು ದಾರವನ್ನೇ ಕೊಯ್ದಿತು. ಒಟ್ಟು ನಾಲ್ಕು ಹೋದವು. ಸದ್ಯ, ತವರ. ಹತ್ತೇ ಹೆಜ್ಜೆ ಆಚೆ ಅಜ್ಜ, ಸೀಸ, ಎರಡು ಮೀನು. ಶಿಳ್ಳೆ ಬೇರೆ.

ಗಾಳದಂಗಡಿಯ ಮಾರ್ಲಿಸ್ ನಕ್ಕಳು. "ಏನಮ್ಮಾ ಕ್ರಾಂತಿಕಾರಿ, ತವರದ್ದು ಇನ್ನೆರಡೇ ಇರೋದು. ನಿನ್ನ ಬಿಟ್ರೆ ಯಾರೂ ಕೇಳಲ್ಲ."

"ಕೇಳ್ತಾರೆ. ನಾನೊಂದು ಮೀನು ಹಿಡೀಲಿ."

"ಹಾಗಾದ್ರೆ ತರಿಸೋ ಅವಸರ ಇಲ್ಲ ಬಿಡು."

ಅಕ್ಟೋಬರ್ 26

ಬೆಳಿಗ್ಗೆಯೇ ಹಿಮದ ಪುಡಿ. ಹೆಣೆದ ದಾರ ನೀರು ಕುಡಿದು ಕೋಲಿನ ಉಂಗುರಗಳಲ್ಲೇ ಹೆಪ್ಪುಗಟ್ಟಿತು. ಜೋರಾಗಿ ಬೀಸಿದೆ — ಪಟ್! ಕೊನೇ ಗುಂಡು ದಾರ ಕಿತ್ತುಕೊಂಡು ಆಚೆ ದಡದ ಕಡೆ ಹಾರಿತು.

ಅಜ್ಜ ಹತ್ತಿರ ಬಂದು ದಾರವನ್ನು ಬೆರಳಲ್ಲಿ ಉಜ್ಜಿ ನೋಡಿದ. "ಹಡಗು ಕಟ್ಟೋ ಹಗ್ಗ ಇದು. ಚಳಿಗೆ ನೈಲಾನೇ ಸರಿ. ಆರು ಪೌಂಡಿನದು ಸುತ್ತು. ದಾರ ಸಣ್ಣ ಆದಷ್ಟೂ ಹರಿವಿಗೆ ಸಿಗಲ್ಲ, ಹಗುರ ಗುಂಡೂ ತಳಕ್ಕೆ ಹೋಗುತ್ತೆ."

"ಗುಂಡೇ ಇಲ್ವಲ್ಲ ಅಜ್ಜ."

ಅಜ್ಜ ತನ್ನ ಕೋಲು ಎತ್ತಿಕೊಂಡು ಮನೆ ಕಡೆ ಹೊರಟ. ಎದುರಾಳಿಗೆ ಯಾಕೆ ಹೇಳಿಕೊಡುತ್ತಾನೆ?

ನವೆಂಬರ್ 1, ಶನಿವಾರ

ಸೌನಾ ದಿನ, ವಾರದ ಹಬೆಸ್ನಾನ. ಟವೆಲ್ ತಗೊಂಡು ಹೋದರೆ ಅಜ್ಜ ಆಗಲೇ ಒಲೆಯ ಮುಂದೆ ಕೂತಿದ್ದ. ಕೈಯಲ್ಲಿ ಸೌಟು, ಪಕ್ಕದಲ್ಲಿ ಗುಂಡು ಎರಕ ಹೊಯ್ಯುವ ಅಚ್ಚು, ಮತ್ತೆ... ಅಜ್ಜಿಯ ಕಾಫಿ ಡಬ್ಬಿ! ಪ್ರತಿ ಹೊಸವರ್ಷದ ಹಿಂದಿನ ರಾತ್ರಿ ಅಜ್ಜಿ ತವರ ಕರಗಿಸಿ ಬಕೆಟ್ಟಿನ ನೀರಿಗೆ ಸುರಿಯುತ್ತಿದ್ದಳು. ಗಟ್ಟಿಯಾದದ್ದನ್ನು ಮೇಣದಬತ್ತಿಗೆ ಹಿಡಿದು, ಗೋಡೆಯ ಮೇಲಿನ ನೆರಳಿನಲ್ಲಿ ನಮ್ಮೆಲ್ಲರ ವರ್ಷ ಓದುತ್ತಿದ್ದಳು. ಒಂದು ತುಂಡನ್ನೂ ಎಸೆದವಳಲ್ಲ, ಎಲ್ಲ ಈ ಡಬ್ಬಿಯಲ್ಲೇ.

"ಅಜ್ಜಾ, ಬೇಡ!"

"ನಲವತ್ತು ವರ್ಷದ ಭವಿಷ್ಯ ಇದೆ ಇದ್ರಲ್ಲಿ. ಒಂದೂ ನಿಜ ಆಗ್ಲಿಲ್ಲ. ಮೀನಾದ್ರೂ ಹಿಡೀಲಿ."

ಹದಿನಾಲ್ಕು ಗುಂಡು ಬಂದವು. ಹೊಸ ಬೆಳ್ಳಿಯಂಥ ಹೊಳಪು. ಪ್ರತಿಯೊಂದಕ್ಕೂ ಎರಡು ಸುತ್ತಿನ ಹಿತ್ತಾಳೆ ತಂತಿ. ಜೇಬಿನ ಬೆಂಕಿಪೊಟ್ಟಣ ನೆನಪಾಯಿತು. ಹೇಳಿಬಿಡಬೇಕಿತ್ತು. ಹೇಳಲಿಲ್ಲ.

ನವೆಂಬರ್ 8

ಸಿಕ್ಕಿತು!!

ಸೂರ್ಯ ಮುಳುಗಿ ಹತ್ತು ನಿಮಿಷ. ಆರು ಪೌಂಡಿನ ನೈಲಾನ್, ಅಜ್ಜಿಯ ತವರ, ಎರೆಗೆ ಒಂದು ಮರಿಮೀನು. ಹರಿವಿಗೆ ಎದುರಾಗಿ ಎಸೆದೆ. ಇಳಿಯಲು ಬಿಟ್ಟೆ. ಟಕ್ — ತಳದ ಕಲ್ಲು! ಮೊದಲ ಸಲ ಮುಟ್ಟಿತು. ಮೆಲ್ಲಗೆ ಎತ್ತಿದರೆ ನೆನೆದ ಕಂಬಳಿಯ ಭಾರ. ಆಮೇಲೆ ಕಂಬಳಿ ಓಡತೊಡಗಿತು...

ಇಪ್ಪತ್ತೆರಡು ಅಂಗುಲ. ಟಾರ್ಚ್ ಬೆಳಕಿಗೆ ಕಣ್ಣು ಬೆಕ್ಕಿನದರಂತೆ ಉರಿಯಿತು. ತುಂಬುಮೈಯ ಹೆಣ್ಣು. ಮುಂದಿನ ವಸಂತಕ್ಕೆ ಮೊಟ್ಟೆಯಿಡುವವಳು. ನೀರಿಗೆ ಬಿಟ್ಟೆ.

"ಏಯ್ ಹುಚ್ಚೀ! ರಾತ್ರಿ ಊಟ ಕಣೇ ಅದು!" ಅಂದು ಅಜ್ಜ ದಡದ ಮೇಲೇ ಕುಸಿದು ಕೂತ. ನಕ್ಕು ನಕ್ಕು ಕಣ್ಣೊರೆಸಿಕೊಂಡ. ಆಲೂಗಡ್ಡೆ ಬೇಯಿಸಿ ತಿಂದೆವು. ಅದಕ್ಕಿಂತ ರುಚಿಯಾದದ್ದು ಈ ವರ್ಷ ತಿಂದಿಲ್ಲ.

ನವೆಂಬರ್ 9, ಬೆಳಿಗ್ಗೆ 7

ಸೀಸದ ಬಕೆಟ್ಟು ನನ್ನ ಕೋಣೆಯ ಬಾಗಿಲಲ್ಲಿ. ಕೊಟ್ಟ ಮಾತು.

ಇನ್ನು ಮುಚ್ಚಿಡಬಾರದು ಅಂತ ಬೆಂಕಿಪೊಟ್ಟಣ ತಂದು ಕಾಫಿ ಲೋಟದ ಪಕ್ಕ ಇಟ್ಟೆ. ಅಜ್ಜ ತೆರೆಯಲೇ ಇಲ್ಲ.

"ಸೆಪ್ಟೆಂಬರಲ್ಲೇ ನೋಡಿದೀನಿ. ಒಲೆ ಹಚ್ಚೋಕೆ ಕಡ್ಡಿ ಹುಡುಕ್ತಾ ನಿನ್ನ ಕೋಟಿಗೆ ಕೈ ಹಾಕಿದ್ದೆ. ನಾನು ತಿರುವಿದ ತಂತಿ ನಂಗೆ ಗೊತ್ತಾಗಲ್ವಾ?" ಲೋಟ ಎತ್ತಿಕೊಂಡು ಹೊರಗೆ ಹೋದ.

ಸೆಪ್ಟೆಂಬರ್. ಪಂದ್ಯ ಕಟ್ಟಿದ್ದು ಅಕ್ಟೋಬರಿನಲ್ಲಿ. ಅಂದರೆ ಆ ದಾರದ ಮಾತು, ಆ ಕಾಫಿ ಡಬ್ಬಿ... ಯಾವ ಕರಪತ್ರದಲ್ಲೂ ಇಂಥದ್ದೊಂದು —

ಕೂಗುತ್ತಿದ್ದಾನೆ. "ಸಿರ್ಕಾ! ನನ್ನ ರೀಲಿಗೂ ಆರು ಪೌಂಡಿನದು ಸುತ್ತಿಕೊಡೇ, ಕಣ್ಣು ಕಾಣಲ್ಲ! ಗುಂಡು ನಿಂದೇ ಒಂದು ಕೊಡು!"

ಬಂದೆ ಅಜ್ಜ, ಒಂದು ಸಾಲು ಬರೆದು —